ಖಾಲಿ ಗಾಡಿ

ಕೊರಿಯರಿನ ಲಕೋಟೆಯೊಳಗೆ ಒಂದು ಚೂರು ಸೋಸುಕಾಗದ,
ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಒಂದು ಸುತ್ತು.
ಸುತ್ತಿನೊಳಗೆ ಕಣ್ಣಿಗೇನೂ ಇಲ್ಲ.
"ಇಷ್ಟಕ್ಕ ಎರಡು ಸಹಿ ಹಾಕಿಸ್ಕೊಂಡ್ನಾ?"
ವಾಚ್‌ಮನ್ ಈರಪ್ಪ ನಕ್ಕ.

ಇಷ್ಟಕ್ಕೇ. ಒಣಗಿದ ಆ ಹನಿಯಲ್ಲಿ
ಎಂಟು ಸಾವಿರ ಚಿಲ್ಲರೆ ಅಕ್ಷರ
ತಲೆ ಬಾಲ ಕೂಡಿ ಬಳೆಯಾಗಿ ಕೂತಿವೆ. ಪ್ಲಾಸ್ಮಿಡ್.
ಕತ್ತರಿಸಿ, ನೆನೆಸಿ, ಬ್ಯಾಕ್ಟೀರಿಯಾಕ್ಕೆ ಕುಡಿಸಿ
ಆ್ಯಂಪಿಸಿಲಿನ್ ಬೆರೆಸಿದ ತಟ್ಟೆಯ ಮೇಲೆ ಹರವಿದೆ.
ಬೆಳಿಗ್ಗೆ ಪರ್ಮಿಟ್ ಇದ್ದವು ಮಾತ್ರ ಉಳಿದಿದ್ದವು,
ನೆನೆದ ಸಾಬೂದಾನಿಯಂತೆ, ಹನ್ನೊಂದು.

ಪರ್ಮಿಟ್ ಅನ್ನುವ ಮಾತು ಅಪ್ಪನದು.
ತಿಳಿಯುವ ಹಾಗೆ ಹೇಳು ಅಂದಾಗ
ಲಾರಿ ಬಿಟ್ಟು ಬೇರೆ ಭಾಷೆ ನನಗೂ ಹೊಳೆಯಲಿಲ್ಲ.
ಹೊನ್ನೂರಸಾಬ: ಹದಿನೆಂಟು ವರ್ಷ
ಸಂಡೂರಿನ ಗುಡ್ಡದಿಂದ ಅರಬೈಲು ಘಾಟಿ ಇಳಿದು
ಸಮುದ್ರದ ತನಕ ಅದಿರು ಹೊತ್ತವನು.
ಈಗ ಕೌಲ್ ಬಜಾರಿನ ಮನೆಯ
ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾನೆ.

"ವೈರಸ್ ಅಂದ್ರ ರೋಗ ಅಲ್ಲೇನವಾ?"
ರೋಗ ಇಳಿಸಿಬಿಟ್ಟ ಮೇಲೆ ಅದೊಂದು ಗಾಡಿ, ಅಪ್ಪಾ.
ಒಂದು ಬಳೆಯಲ್ಲಿ ಸರಕು,
ಒಂದರಲ್ಲಿ ಎಂಜಿನ್ನು, ಚಾಸಿ,
ಇನ್ನೊಂದರಲ್ಲಿ ಮೇಲಿನ ತಗಡು, ನಂಬರ್ ಪ್ಲೇಟು.
ಮೂರನ್ನೂ ಒಂದೇ ಕೋಶಕ್ಕೆ ಇಳಿಸಿದರೆ
ಎರಡು ದಿನದಲ್ಲಿ ಗಾಡಿ ಕಟ್ಟಿ ಹೊರಗೆ ಬಿಡುತ್ತದೆ.
ಹೋಗುವುದು ಒಂದೇ ಸಲ. ಮರಿ ಹಾಕುವುದಿಲ್ಲ.
"ವಾಪಸ್ ಬರಂಗಿಲ್ಲ?"
ಇಲ್ಲ.
"ಮತ್ತ ಡ್ರೈವರು?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸರಕು ಅಂದರೆ ಒಂದು ಜೀನು.
ಅದು ಮಾಡಿಸುವ ಎನ್‌ಜೈಮಿನ ಕೆಲಸ ಬಲು ಸಣ್ಣದು:
ಕಾರ್ಟಿಸಾಲ್ ಎದುರಾದರೆ
ಮೈಯಿಂದ ಎರಡು ಹೈಡ್ರೋಜನ್ ಕಳಚಿ
ಬಾಯಿ ಮುಚ್ಚಿಸುವುದು.
ಕಿಡ್ನಿಯ ಬಾಗಿಲಲ್ಲಿ ಹಗಲೂ ರಾತ್ರಿ ಅದೇ ಪಾಳಿ.
ಅದು ಸೋತ ಮೈಯಲ್ಲಿ ಉಪ್ಪು ಹೊರಗೆ ಹೋಗದು,
ರಕ್ತ ಒತ್ತುತ್ತದೆ.

ಅಪ್ಪನ ಎದೆಗೆ ಆರೆಂಪಿ ಡಾಕ್ಟರು ಎರಡು ವರ್ಷ ಕೊಟ್ಟ
ಬಿಳಿ ಗುಳಿಗೆಯೂ ಇದೇ ಕುಲದ್ದು.
ಉಸಿರು ಬಂತು.
ಮುಖ ಮಾತ್ರ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿ,
ಲೈಸೆನ್ಸಿನೊಳಗಿನ ಅಪ್ಪ ಬೇರೆ,
ಪಡಸಾಲೆಯಲ್ಲಿ ಕೂತ ಅಪ್ಪ ಬೇರೆ.

ಮೇ ತಿಂಗಳು. ಎರಡು ಸಲ ಕರೆಂಟು ಹೋಯಿತು.
ಕೋಶಗಳಿಗೆ ಮೂವತ್ತೇಳು ಡಿಗ್ರಿ ಸಾಕು, ಬಳ್ಳಾರಿಗೆ ಸಾಲದು.
ಜನರೇಟರು ಎದ್ದು ಕೆಮ್ಮುವವರೆಗೆ
ಇನ್ಕ್ಯುಬೇಟರಿನ ಗಾಜಿಗೆ ಹಣೆ ಹಚ್ಚಿ ನಿಂತಿದ್ದೆ.
ಒಳಗೇ ತಂಪು ಅನ್ನಿಸಿತು.

ಜೀನಿನ ಮುಂದೆ ಒಂದು ಸ್ವಿಚ್ಚು ಇಟ್ಟಿದ್ದಾರೆ, ಆರಿಸಲು ಬಾರದ್ದು.
ಕೋಶಕ್ಕೆ ಬೇಕೋ ಬೇಡವೋ, ಸುರಿಯುತ್ತಲೇ ಇರುತ್ತದೆ.
"ಓವರ್‌ಲೋಡ್ ಅನ್ನು ಮತ್ತ," ಅಂದ ಅಪ್ಪ.
"ಹದಿನಾರು ಟನ್ನಿನ ಗಾಡಿಗೆ ಇಪ್ಪತ್ತೈದು.
ಆಕ್ಸಲ್ ಮಾತಾಡ್ತಿತ್ತು.
ನಾವು ಟೇಪ್‌ರೆಕಾರ್ಡರ್ ಜೋರು ಮಾಡ್ತಿದ್ವಿ."

ಆರು ತಾಸಿಗೆ
ಸರಕು ಇಳಿದ ಬಾವಿಗಳಲ್ಲಿ ಕಾರ್ಟಿಸಾಲ್ ಹೆಚ್ಚೂಕಡಿಮೆ ಬತ್ತಿತ್ತು.
ಪಕ್ಕದ ಸಾಲಿಗೆ ಕಳಿಸಿದ್ದು ಖಾಲಿ ಗಾಡಿ.
ಅಲ್ಲಿ ಇದ್ದದ್ದು ಇದ್ದ ಹಾಗೇ.
ನಾನು ಕುಣಿಯುವುದೊಂದು ಬಾಕಿ.
ತಿಪ್ಪೇರುದ್ರ ಸಾರ್ ಗ್ರಾಫಿನ ಮೇಲೆ ಉಗುರು ಎಳೆದರು:
"ಮಾಡಬಲ್ಲದು ಅಂತ ಆಯ್ತು. ಮಾಡುತ್ತದೆ ಅಂತಲ್ಲ.
ಇಷ್ಟು ತುಂಬಿದರೆ ಯಾವುದು ತಾನೇ ಏನು ಮಾಡದು?"

ರಾತ್ರಿ ಅಪ್ಪನಿಗೆ ಬೇರೆಯೇ ಚಿಂತೆ.
"ಖಾಲಿ ಗಾಡಿ ಯಾಕ ಓಡಿಸಿದ್ರಿ? ಡೀಸೆಲ್ ದಂಡ."
ಅದು ಓಡದಿದ್ದರೆ, ಆದದ್ದೆಲ್ಲ ಸರಕಿನಿಂದಲೋ
ಗಾಡಿ ನುಗ್ಗಿದ ಏಟಿಗೋ ಗೊತ್ತಾಗದು, ಅಂದೆ.

ಇನ್‌ಹೇಲರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ,
ಒಳಗೆ ಎಷ್ಟಿದೆ ಅನ್ನುವಂತೆ.
"ಬರೋವಾಗ ನಾವೂ ಖಾಲೀನೇ ಬರ್ತಿದ್ವಿ.
ಮಳೆ ಹತ್ತಿದ ಘಾಟಿನ್ಯಾಗ ಖಾಲಿ ಗಾಡಿ ಕುಣೀತೈತಿ,
ಬ್ರೇಕ್ ಹಿಡಿಯಂಗಿಲ್ಲ.
ನಮ್ಮ ಕರಿಬಸ್ಯಾ ಸತ್ತಿದ್ದೂ ಬರೋವಾಗ.
ತುಂಬಿದ್ದಕ್ಕ ನಾಕು ಕಡೆ ತೂಕಾ ಬರಕೊಂತಾರ.
ಖಾಲೀದಕ್ಕ ಒಂದು ಚೀಟಿ ಸುದ್ದಾ ಇಲ್ಲ."

ಮರುದಿನ ಲ್ಯಾಬಿನ ಪುಸ್ತಕದಲ್ಲಿ
ಖಾಲಿ ಗಾಡಿಯ ಆರು ಸಂಖ್ಯೆಗಳನ್ನು
ಮೊದಲು ಬರೆದೆ.